ಅರಿವು ಉಂಟು, ನೆರವು?

ತಾಲ್ಲೂಕು ಊರುಗಳಲ್ಲಿ ಮಹಿಳಾ ದೌರ್ಜನ್ಯದ ಬಗ್ಗೆ ಸಭೆ ನಡೆದಾಗಲೆಲ್ಲ ವೇದಿಕೆಯ ಹಿಂದಿನ ಬ್ಯಾನರಿನಲ್ಲಿ ಎರಡು ಪದಗಳು ಜೋಡಿಯಾಗಿರುತ್ತವೆ: ಕಾನೂನು ಅರಿವು-ನೆರವು ಕಾರ್ಯಕ್ರಮ. ಪ್ರಾಸ ಚೆನ್ನಾಗಿ ಕೂತಿದೆ. ಇಂಥ ಸಭೆಗಳಿಗೆ ನಾನು ಇಪ್ಪತ್ತು ವರ್ಷಗಳಿಂದ ಹೋಗುತ್ತಿದ್ದೇನೆ, ಕೆಲವು ಸಲ ಭಾಷಣಕ್ಕೆ, ಹೆಚ್ಚಿನ ಸಲ ಕೊನೆಯ ಸಾಲಿನಲ್ಲಿ ಕೂತು ಕೇಳುವುದಕ್ಕೆ. ದೀಪ ಬೆಳಗುತ್ತಾರೆ, ನಾಡಗೀತೆ ಹಾಡುತ್ತಾರೆ, ಹೆಣ್ಣನ್ನು ಪೂಜಿಸುವ ಮನುವಿನ ಆ ಒಂದು ಶ್ಲೋಕ ಯಾರಾದರೊಬ್ಬರ ಬಾಯಲ್ಲಿ ತಪ್ಪದೆ ಬರುತ್ತದೆ. ಸಂಪನ್ಮೂಲ ವ್ಯಕ್ತಿ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಕಲಮುಗಳನ್ನು ಓದುತ್ತಾರೆ. ಎದುರಿಗೆ ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು, ಪಾಠ ಬಿಡಿಸಿ ಸಾಲಾಗಿ ಕರೆತಂದ ಪಿಯುಸಿ ಹುಡುಗಿಯರು. ಆಮೇಲೆ ಊಟ. ಬ್ಯಾನರಿನ ಮೊದಲ ಪದಕ್ಕೆ ಎರಡು ಗಂಟೆ ಸಿಗುತ್ತದೆ. ಎರಡನೆಯದು ಬಟ್ಟೆಯ ಮೇಲೆಯೇ ಉಳಿದು, ಸಂಜೆ ಬ್ಯಾನರಿನ ಜೊತೆಗೇ ಮಡಚಿಕೊಂಡು ಹೋಗುತ್ತದೆ.

ಹೆಣ್ಣಿನ ಮೇಲಿನ ಹಿಂಸೆ ನಿಲ್ಲಬೇಕಾದರೆ ಮೊದಲು ಸಮಾಜದಲ್ಲಿ ಜಾಗೃತಿ ಮೂಡಬೇಕು ಎಂಬ ಮಾತನ್ನು ಒಪ್ಪದವರನ್ನು ನಾನು ಕಂಡಿಲ್ಲ. ಸಚಿವರು ಹೇಳುತ್ತಾರೆ, ಮಠಾಧೀಶರು ಹೇಳುತ್ತಾರೆ, ನನ್ನ ಸ್ತ್ರೀವಾದಿ ಗೆಳತಿಯರೂ ಹೇಳುತ್ತಾರೆ. ಇಷ್ಟು ಬೇರೆಬೇರೆ ಜನ ಒಂದೇ ವಾಕ್ಯವನ್ನು ಇಷ್ಟು ಸಲೀಸಾಗಿ ಆಡುತ್ತಾರೆಂದರೆ ಆ ವಾಕ್ಯ ಯಾರಿಗೂ ಚುಚ್ಚುತ್ತಿಲ್ಲ ಎಂದೇ ಅರ್ಥ. ಹಿಂಸೆ ಮುಂದುವರಿದಿರುವುದು ತಿಳಿವಳಿಕೆ ಸಾಲದೆ ಎಂಬ ರೋಗನಿದಾನವೇ ತಪ್ಪು ಎಂಬುದು ನನ್ನ ವಾದ. ಬರೀ ತಪ್ಪಾಗಿದ್ದರೆ ಸುಮ್ಮನಿರಬಹುದಿತ್ತು. ಅದು ಹೊಣೆಯನ್ನು ಹೊರಬೇಕಾದವರ ಹೆಗಲಿಂದ ಇಳಿಸಿ ಏಟು ತಿಂದವಳ ಹೆಗಲಿಗೇ ಏರಿಸುತ್ತದೆ. ಕಾಯ್ದೆಗಳ ದುರುಪಯೋಗದ ಬಗ್ಗೆ ಸದಾ ಗೊಣಗುವ ಮಹನೀಯರು ಇದನ್ನು ತಮ್ಮ ಕಡೆಯ ಸಾಕ್ಷಿ ಎಂದು ಎತ್ತಿಕೊಳ್ಳುವುದು ಬೇಡ. ಇದು ನಮ್ಮ ಮನೆಯೊಳಗಿನ ಜಗಳ.

ನಾನು ಬೆಳೆದದ್ದು ಮೈಸೂರಿನ ಒಂದು ವಠಾರದಲ್ಲಿ. ಎಂಟು ಮನೆ, ಒಂದು ನಲ್ಲಿ, ಮನೆಗೂ ಮನೆಗೂ ನಡುವೆ ಒಂದೇ ಗೋಡೆ. ಪಕ್ಕದ ಮನೆಯಾತ ಹೆಂಡತಿಗೆ ಹೊಡೆಯುತ್ತಿದ್ದದ್ದು ಎಂಟೂ ಮನೆಗೆ ಗೊತ್ತಿತ್ತು. ಮೊದಲ ಏಟಿಗೆ ಮುಂಚೆ ಆತ ರೇಡಿಯೊ ಸದ್ದು ಏರಿಸುತ್ತಿದ್ದುದರಿಂದ ಮಕ್ಕಳಾದ ನಮಗೂ ತಿಳಿದುಹೋಗುತ್ತಿತ್ತು. ಅಂಥ ರಾತ್ರಿಗಳಲ್ಲಿ ಅಮ್ಮ ಪುಟ್ಟ ಬಟ್ಟಲು ಹಿಡಿದು ಆ ಬಾಗಿಲು ತಟ್ಟುತ್ತಿದ್ದಳು: "ಒಂಚೂರು ಹೆಪ್ಪಿಗೆ ಮೊಸರು ಇದ್ರೆ ಕೊಡಿ." ನಮ್ಮ ಮನೆಯಲ್ಲೇನೂ ಮೊಸರಿಗೆ ಬರವಿರಲಿಲ್ಲ. ಬಾಗಿಲು ತೆರೆಯುತ್ತಿತ್ತು, ಮೊಸರು ಬರುತ್ತಿತ್ತು, ಅರ್ಧ ಗಂಟೆ ಸದ್ದಿರುತ್ತಿರಲಿಲ್ಲ. ಆಮೇಲೆ ಮತ್ತೆ ರೇಡಿಯೊ. ದೊಡ್ಡವಳಾದ ಮೇಲೆ, ನಾಲ್ಕು ಪುಸ್ತಕ ಓದಿದ ಸೊಕ್ಕಿನಲ್ಲಿ, ಅಷ್ಟೆಲ್ಲ ಗೊತ್ತಿದ್ದೂ ಅವಳನ್ನು ಹೊರಗೆ ಯಾಕೆ ಕರೆತರಲಿಲ್ಲ ಎಂದು ಅಮ್ಮನನ್ನು ಕೇಳಿದ್ದೆ. ಅಮ್ಮ ಅಕ್ಕಿ ಆರಿಸುತ್ತಲೇ ಹೇಳಿದಳು: "ಕರ್ಕೊಂಡು ಬಂದು ಎಲ್ಲಿ ಮಲಗಿಸೋದೇ? ನಮ್ದೂ ಒಂದೇ ರೂಮು. ಬೆಳಗಾದ್ಮೇಲೆ ಅವಳೂ ಎರಡು ಮಕ್ಕಳೂ ಎಲ್ಲಿಗೆ ಹೋಗ್ಬೇಕು?"

2008ರಲ್ಲಿ ಬ್ರೇಕ್‌ಥ್ರೂ ಸಂಸ್ಥೆಯ 'ಬೆಲ್ ಬಜಾವೋ' ಅಭಿಯಾನದ ಜಾಹೀರಾತುಗಳನ್ನು ನೋಡಿದಾಗ ನನಗೆ ನಗುವೂ ಬಂತು, ಗಂಟಲೂ ಕಟ್ಟಿತು. ಪಕ್ಕದ ಮನೆಯಿಂದ ಹೊಡೆತದ ಸದ್ದು. ಒಬ್ಬ ಗಂಡಸು ಎದ್ದು ಹೋಗಿ ಕರೆಗಂಟೆ ಒತ್ತಿ ಹಾಲು ಕೇಳುತ್ತಾನೆ. ಇನ್ನೊಂದರಲ್ಲಿ ಆಟದ ಹುಡುಗರು ಹೋಗಿ ಚೆಂಡು ಕೇಳುತ್ತಾರೆ. ಅಮ್ಮನ ಹೆಪ್ಪಿನ ಬಟ್ಟಲು ಮುಂದೆ ಕಾನ್ ಜಾಹೀರಾತು ಉತ್ಸವದಲ್ಲಿ ಬೆಳ್ಳಿ ಸಿಂಹ ಗೆದ್ದುಬಿಟ್ಟಿತು! ಜಾಹೀರಾತಾಗಿ ಅದು ಅಪ್ಪಟ ಕಸುಬು. ಏಟು ಬೀಳುವುದನ್ನು ತೋರಿಸುವುದಿಲ್ಲ, ಹೆಣ್ಣಿನ ಮುಖದ ಬಾಸುಂಡೆಯನ್ನು ಮಾರುಕಟ್ಟೆಗಿಡುವುದಿಲ್ಲ, ಗಂಡಸನ್ನು ಅಪರಾಧಿಯ ಕಟಕಟೆಯಿಂದ ಇಳಿಸಿ ನೆರೆಯವನ ಜಾಗದಲ್ಲಿ ನಿಲ್ಲಿಸುತ್ತದೆ. ಇಷ್ಟನ್ನು ಮೆಚ್ಚದೆ ಅದನ್ನು ಟೀಕಿಸುವುದು ಅನ್ಯಾಯ. ಆದರೆ ಪ್ರತಿ ಚಿತ್ರವೂ ಬಾಗಿಲು ತೆರೆದಲ್ಲಿಗೆ ಮುಗಿಯುತ್ತದೆ. ಗಂಟೆ ಒತ್ತಿದವನು ವಾಪಸಾದ ಮೇಲಿನ ರಾತ್ರಿಗೆ ಅಲ್ಲಿ ಜಾಗವಿಲ್ಲ. ನಮ್ಮ ಬೀದಿನಾಟಕ, ಪೋಸ್ಟರು, ಕಿರುಚಿತ್ರಗಳಲ್ಲೆಲ್ಲ ಕತ್ತರಿ ಬೀಳುವುದು ಇದೇ ಜಾಗದಲ್ಲಿ: ಯಾರಿಗೋ ಅರಿವಾಯಿತು, ಅಲ್ಲಿಗೆ ಕಥೆ ಮುಗಿಯಿತು. ವಠಾರದಲ್ಲಿ ಅರಿವಾದದ್ದು ಎಂದೋ. ಅಮ್ಮ ಸಿಕ್ಕಿಕೊಂಡದ್ದು ಅದರಾಚೆಗಿನ ಪ್ರಶ್ನೆಯಲ್ಲಿ.

ಗಂಡಸರಿಗೆ ತಿಳಿವಳಿಕೆ ಕೊಡಬೇಕು ಎನ್ನುವವರಿಗೂ ಆ ರೇಡಿಯೊವನ್ನೇ ತೋರಿಸುತ್ತೇನೆ. ಸದ್ದು ಏರಿಸಿದವನಿಗೆ ತಾನೇನು ಮಾಡಹೊರಟಿದ್ದೇನೆ ಎಂಬುದು ನಿಚ್ಚಳವಾಗಿ ಗೊತ್ತಿತ್ತು. ಬೆಳಿಗ್ಗೆ ಕಚೇರಿಯಲ್ಲಿ ಮೇಲಧಿಕಾರಿಯ ಬೈಗುಳವನ್ನು ತಲೆ ತಗ್ಗಿಸಿ ಕೇಳಿದವನೂ ಅವನೇ. ಯಾರ ಮೇಲೆ ಕೈ ಮಾಡಿದರೆ ದಂಡ ತೆರಬೇಕಿಲ್ಲ ಎಂಬ ಲೆಕ್ಕವನ್ನು ಅವನಿಗೆ ಯಾರೂ ಶಿಬಿರ ನಡೆಸಿ ಕಲಿಸಿರಲಿಲ್ಲ.

ಜಾಗೃತಿಯ ಪರವಾಗಿ ವಾದಿಸುವವರ ಬತ್ತಳಿಕೆಯಲ್ಲಿರುವ ದೊಡ್ಡ ಬಾಣ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಅದರ ಐದನೆಯ ಸುತ್ತಿನಲ್ಲಿ ಕರ್ನಾಟಕದ ಶೇ 76.9ರಷ್ಟು ಹೆಂಗಸರು, ಶೇ 81.9ರಷ್ಟು ಗಂಡಸರು ಏಳು ಕಾರಣಗಳಲ್ಲಿ ಒಂದಕ್ಕಾದರೂ ಗಂಡ ಹೆಂಡತಿಗೆ ಹೊಡೆಯುವುದು ಸರಿ ಎಂದರು. ಹಿಮಾಚಲ ಪ್ರದೇಶದ ಗಂಡಸರಲ್ಲಿ ಹಾಗೆ ಅಂದವರು ಶೇ 14.2. ಈ ಅಂಕಿ ಹೊರಬಿದ್ದಾಗ ಬಂದ ಸಂಪಾದಕೀಯಗಳೆಲ್ಲ ಒಂದೇ ಮಾತು ಹೇಳಿದವು: ಹೊಡೆಸಿಕೊಳ್ಳುವವಳೇ ಸರಿ ಎನ್ನುತ್ತಿದ್ದಾಳೆ, ಆದ್ದರಿಂದ ಮೊದಲು ಅವಳ ಮನಸ್ಸು ತಿದ್ದಬೇಕು. ನಾನು ಆ ಪ್ರಶ್ನೆಯನ್ನೇ ಮತ್ತೊಮ್ಮೆ ಓದಿ ಎನ್ನುತ್ತೇನೆ. ಹೇಳದೆ ಮನೆಯಿಂದ ಹೊರಗೆ ಹೋದರೆ, ಅಡುಗೆ ಸರಿಯಾಗಿ ಮಾಡದಿದ್ದರೆ, ಎದುರು ಮಾತಾಡಿದರೆ, ಅತ್ತೆ ಮಾವನಿಗೆ ಮರ್ಯಾದೆ ಕೊಡದಿದ್ದರೆ ಹೊಡೆಯುವುದು ಸರಿಯೇ ಎಂದು ಅಪರಿಚಿತೆಯೊಬ್ಬಳು ಕಾಗದ ಹಿಡಿದು ಕೇಳುತ್ತಾಳೆ. ಉತ್ತರಿಸುವವಳು ತನ್ನ ತತ್ತ್ವವನ್ನು ಮಂಡಿಸುತ್ತಿದ್ದಾಳೋ, ತಾನು ಬದುಕುತ್ತಿರುವ ಮನೆಯ ಕಾನೂನನ್ನು ವರದಿ ಮಾಡುತ್ತಿದ್ದಾಳೋ? ಸಿಗ್ನಲ್ ದಾಟಿದರೆ ದಂಡ ಹಾಕುವುದು ಸರಿಯೇ ಎಂದರೆ ನಾವೂ ಸರಿ ಎನ್ನುತ್ತೇವೆ. ಊರಿನ ನಿಯಮ ಹಾಗಿದೆ ಎಂದು ಅದರರ್ಥ. ಆ 'ಸರಿ'ಯನ್ನು ಅಜ್ಞಾನ ಎಂದು ಓದುವುದು ನನಗೆ ಕೆಟ್ಟ ಓದಾಗಿ ಕಾಣುತ್ತದೆ. ನಿಯಮವನ್ನು ಅವಳಷ್ಟು ಚೆನ್ನಾಗಿ ಅರಿತವರು ಇನ್ನೊಬ್ಬರಿಲ್ಲ.

ಇದೇ ಸಮೀಕ್ಷೆಯ ಇನ್ನೊಂದು ಅಂಕಿಗೂ ಇದೇ ಗತಿ. ಗಂಡನಿಂದ ಹಿಂಸೆ ಅನುಭವಿಸಿದ್ದೇನೆ ಎಂದ ಕರ್ನಾಟಕದ ಹೆಂಗಸರು ನಾಲ್ಕನೆಯ ಸುತ್ತಿನಲ್ಲಿ ಶೇ 20.6, ಐದನೆಯದರಲ್ಲಿ ಶೇ 44.4. ದೇಶದ ಸರಾಸರಿ ಅಷ್ಟಿಷ್ಟು ಇಳಿದಾಗ ನಮ್ಮದು ಇಮ್ಮಡಿ ದಾಟಿತು. ಲಾಕ್‌ಡೌನಿನ ಪರಿಣಾಮ ಎಂದು ಎಷ್ಟೋ ವೇದಿಕೆಗಳಲ್ಲಿ ಕೇಳಿದ್ದೇನೆ. ಕರ್ನಾಟಕದಲ್ಲಿ ಆ ಸಮೀಕ್ಷೆ ನಡೆದದ್ದು 2019ರ ಜುಲೈಯಿಂದ ಡಿಸೆಂಬರಿನೊಳಗೆ. ಕೊರೊನಾ ಎಂಬ ಹೆಸರನ್ನು ಆಗ ಇಲ್ಲಿ ಯಾರೂ ಕೇಳಿರಲಿಲ್ಲ. ಜಾಗೃತಿ ಹೆಚ್ಚಿದ್ದರಿಂದ ಹೆಂಗಸರು ಬಾಯಿ ಬಿಡುತ್ತಿದ್ದಾರೆ ಎಂದು ಇನ್ನು ಕೆಲವರು. ಇರಬಹುದು. ಆದರೆ ಅಂಕಿ ಇಳಿದರೆ ಜಾಗೃತಿ ಗೆದ್ದಿತು, ಏರಿದರೂ ಜಾಗೃತಿಯೇ ಗೆದ್ದಿತು ಎನ್ನುವ ವಾದ ಸೋಲುವುದಾದರೂ ಯಾವಾಗ?

ಮನಸ್ಸು ಬದಲಾದರೆ ಕೈ ನಿಲ್ಲುತ್ತದೆ ಎಂಬ ಸರಪಳಿಯ ಕೊಂಡಿಯೂ ಅಷ್ಟು ಗಟ್ಟಿಯಾಗಿಲ್ಲ. ಹಿಮಾಚಲದಲ್ಲಿ ಒಪ್ಪಿಗೆಯೂ ಕಡಿಮೆ, ಹಿಂಸೆಯೂ ಕಡಿಮೆ ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಕೇರಳದಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು ಹೊಡೆತವನ್ನು ಯಾವುದಾದರೊಂದು ಕಾರಣಕ್ಕೆ 'ಸರಿ' ಎಂದರೂ ಗಂಡನ ಹಿಂಸೆ ಕಂಡೆವು ಎಂದವರು ಶೇ 10ರ ಆಸುಪಾಸು. ಅಲ್ಲಿ ಹೇಳಿಕೊಳ್ಳದವರೇ ಹೆಚ್ಚಿದ್ದಾರು ಎಂಬ ಅನುಮಾನ ನ್ಯಾಯವಾದದ್ದೇ, ಮನೆಮನೆಯಲ್ಲಿ ಕೂತು ಪರೀಕ್ಷಿಸಬೇಕಾದದ್ದೇ. ಅದೃಷ್ಟಕ್ಕೆ ಹಾಗೆ ಕೂತು ಕೇಳಿದ ಅಧ್ಯಯನವೊಂದಿದೆ. ಪ್ರದೀಪ್ ಪಂಡಾ ಮತ್ತು ಬೀನಾ ಅಗರ್ವಾಲ್ ತಿರುವನಂತಪುರ ಜಿಲ್ಲೆಯ ಐನೂರು ಚಿಲ್ಲರೆ ಮದುವೆಯಾದ ಹೆಂಗಸರನ್ನು ಮಾತಾಡಿಸಿ 2005ರಲ್ಲಿ ಪ್ರಕಟಿಸಿದ್ದು. ತಮ್ಮ ಹೆಸರಿನಲ್ಲಿ ಮನೆಯೂ ಇಲ್ಲದ, ಭೂಮಿಯೂ ಇಲ್ಲದ ಹೆಂಗಸರಲ್ಲಿ ಶೇ 49 ಮಂದಿ ಗಂಡನ ಏಟು ತಿಂದಿದ್ದರು. ಭೂಮಿ ಇದ್ದವರಲ್ಲಿ ಶೇ 18, ಮನೆ ಇದ್ದವರಲ್ಲಿ ಶೇ 10, ಎರಡೂ ಇದ್ದವರಲ್ಲಿ ಶೇ 7. ಅಕ್ಷರಸ್ಥ ಕೇರಳದಲ್ಲೂ ಬರಿಗೈಯವಳಲ್ಲಿ ಇಬ್ಬರಿಗೊಬ್ಬಳು! ಆಸ್ತಿಯೊಂದೇ ಮದ್ದು ಎಂದು ನಾನು ಹೇಳಲಾರೆ. ಮಗಳಿಗೆ ಮನೆ ಬರೆದುಕೊಡುವ ತವರು ಬೇರೆ ವಿಧದಲ್ಲೂ ಅವಳ ಬೆನ್ನಿಗಿದ್ದೀತು. ಆದರೂ ನಡುವಿನ ಆ ಎರಡು ಅಂಕಿ ನೋಡಿ. ಹೊಲಕ್ಕಿಂತ ಮನೆ ಹೆಚ್ಚು ಕಾಯುತ್ತದೆ. ಎದ್ದು ಹೋಗಲು ಒಂದು ಸೂರು ಇದೆ ಎಂಬುದು ಗಂಡನಿಗೆ ಗೊತ್ತಿದ್ದರೆ ಸಾಕು, ಅವಳು ಎದ್ದು ಹೋಗಲೇಬೇಕೆಂದಿಲ್ಲ. ಅಮ್ಮನ ಪ್ರಶ್ನೆಗೆ ಅಂಕಿಸಂಖ್ಯೆಯಲ್ಲಿ ಉತ್ತರ ಸಿಕ್ಕಿದ್ದು ನನಗೆ ಇಲ್ಲಿ.

ಕನ್ನಡದ ಹೆಣ್ಣುಮಕ್ಕಳಿಗೆ ಆ ಸೂರಿನ ಹೆಸರು ತವರು. ಬೀಸುವಕಲ್ಲಿನ ಪದಗಳಲ್ಲಿ ತವರಿಗೆ ಸಿಕ್ಕಷ್ಟು ಜಾಗ ದೇವರಿಗೂ ಸಿಕ್ಕಿಲ್ಲ. ನಮ್ಮ ವಿಮರ್ಶಕರು ಅದನ್ನು ಬಾಂಧವ್ಯದ ಕಾವ್ಯ ಎಂದು ಕೊಂಡಾಡಿದರು. ನನಗೆ ಅವು ವಸತಿ ಸಮಸ್ಯೆಯ ಹಾಡುಗಳಂತೆಯೂ ಕೇಳಿಸುತ್ತವೆ. ದೇಶದಾದ್ಯಂತ ಹಿಂಸೆ ಅನುಭವಿಸಿದವರಲ್ಲಿ ಸಹಾಯ ಬೇಡಿದವರು ಸುಮಾರು ಶೇ 14, ಯಾರೊಬ್ಬರಿಗೂ ಹೇಳದವರು ಸುಮಾರು ಶೇ 77 ಎಂದು ಆ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳುತ್ತದೆ. ಬೇಡಿದವರಲ್ಲಿ ಹೆಚ್ಚಿನವರು ಹೋದದ್ದು ತವರಿಗೆ, ಪೊಲೀಸರ ಬಳಿಗೆ ಹೋದವರು ಬೆರಳೆಣಿಕೆ. ಅಂದರೆ ಹಿಂಸೆಯನ್ನು ತಡೆಯುವ, ಅಥವಾ ತಡೆಯದ, ನಿಜವಾದ ಸಂಸ್ಥೆ ತವರೇ. ಜಾಗೃತಿಯ ಪೋಸ್ಟರುಗಳಲ್ಲಿ ಗಂಡ ಇದ್ದಾನೆ, ಅತ್ತೆ ಇದ್ದಾಳೆ, ಮುಷ್ಟಿ ಬಿಗಿದ ಹೆಣ್ಣಿದ್ದಾಳೆ. "ಹೊಂದ್ಕೊಂಡು ಹೋಗಮ್ಮ, ತಂಗಿ ಮದ್ವೆ ಆಗ್ಬೇಕು" ಎಂದು ಬಸ್ ಸ್ಟ್ಯಾಂಡಿನವರೆಗೆ ಬಂದು ಅವಳನ್ನು ವಾಪಸು ಹತ್ತಿಸುವ ಅಪ್ಪನ ಚಿತ್ರವನ್ನು ನಾನೆಲ್ಲೂ ನೋಡಿಲ್ಲ.

ಕಾಯ್ದೆ ಇಲ್ಲವೆಂದಲ್ಲ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸರಿಸಮ ಪಾಲು ಕೊಟ್ಟ ತಿದ್ದುಪಡಿ ಕರ್ನಾಟಕದಲ್ಲಿ ಬಂದದ್ದು 1994ರಲ್ಲಿ, ಕೇಂದ್ರಕ್ಕಿಂತ 11 ವರ್ಷ ಮುಂಚೆ. ಈಗ ಯಾವುದಾದರೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅರ್ಧ ದಿನ ಕೂತು ನೋಡಿ. ಅಣ್ಣತಮ್ಮಂದಿರ ಹಿಂದೆ ಅಕ್ಕತಂಗಿಯರು ಬರುತ್ತಾರೆ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಾರೆ, ಅರಿಶಿನ-ಕುಂಕುಮಕ್ಕೆಂದು ಒಂದು ಸೀರೆಯೋ ಸ್ವಲ್ಪ ದುಡ್ಡೋ ಪಡೆದು ಹೋಗುತ್ತಾರೆ. ಅವರಿಗೆ ಕಾನೂನು ಗೊತ್ತಿಲ್ಲವೇ? ಗೊತ್ತಿದೆ, ಗೊತ್ತಿರುವುದಕ್ಕೇ ಅವರನ್ನು ಕರೆಸಿ ಸಹಿ ಹಾಕಿಸಬೇಕಾಗಿ ಬಂದದ್ದು. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ. ನಾಳೆ ಗಂಡ ಹೊರಗೆ ಹಾಕಿದರೆ ಬೇಕಾಗುವುದು ಆ ಬಾಗಿಲೇ. ಬಾಗಿಲು ತೆರೆದಿರಲಿ ಎಂದು ಮನೆಯನ್ನೇ ಬಿಟ್ಟುಕೊಡುತ್ತಾಳೆ. ಇಂಥ ಕರಾರುವಾಕ್ಕಾದ ಲೆಕ್ಕಾಚಾರ ಮಾಡುವವಳಿಗೆ ನಾವು ಮೈಕು ಹಿಡಿದು ನಿಮ್ಮ ಹಕ್ಕುಗಳನ್ನು ತಿಳಿದುಕೊಳ್ಳಿ ಎನ್ನುತ್ತೇವೆ. 2023ರ ಜೂನ್ 11ರಂದು ಶುರುವಾದ, ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆಯನ್ನು ಯಾರೂ ದೌರ್ಜನ್ಯ ತಡೆಯ ಕಾರ್ಯಕ್ರಮವೆಂದು ಕರೆದಿಲ್ಲ, ಅದರಿಂದ ಏಟು ಕಡಿಮೆಯಾಯಿತೆಂದು ನಾನೂ ಹೇಳುತ್ತಿಲ್ಲ. ಆದರೆ ರಾತ್ರಿ ಮಗುವನ್ನು ಎತ್ತಿಕೊಂಡು ಹೊರಟವಳು ಚಾರ್ಜಿಗೆ ಕಾಸಿಲ್ಲವೆಂದು ತಿರುಗಿ ಬರಬೇಕಾಗಿಲ್ಲ. ಒಂದು ಪೋಸ್ಟರು ಇಷ್ಟು ಮಾಡಿದ್ದನ್ನು ನಾನು ಕಂಡಿಲ್ಲ.

ಇಲ್ಲಿ ಬರುವ ಎದುರುವಾದ ಗಟ್ಟಿಯಾದದ್ದು, ಅದನ್ನು ಹಗುರವಾಗಿ ದಾಟಲಾರೆ. ಗಂಡ ಹೆಂಡತಿಯ ಜಗಳ ಉಂಡು ಮಲಗೋ ತನಕ ಎಂದು ಗಾದೆ ಕಟ್ಟಿದ ನಾಡಿನಲ್ಲಿ ಹೊಡೆತಕ್ಕೆ ದೌರ್ಜನ್ಯ ಎಂಬ ಹೆಸರು ಬಂದದ್ದೇ ಜಾಗೃತಿಯಿಂದ ಅಲ್ಲವೇ? ನಿಜ. ಆದರೆ ಆ ಜಾಗೃತಿ ಯಾರಿಗೆ ಬೆರಳು ತೋರಿಸಿತ್ತು? 1972ರಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯಲ್ಲಿ ನಡೆದ ಅತ್ಯಾಚಾರದ ಆರೋಪಿ ಪೊಲೀಸರನ್ನು ಸುಪ್ರೀಂ ಕೋರ್ಟ್ ಖುಲಾಸೆ ಮಾಡಿದಾಗ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಂವಾರ್, ರಘುನಾಥ್ ಕೇಳ್ಕರ್ 1979ರಲ್ಲಿ ಬಹಿರಂಗ ಪತ್ರ ಬರೆದರು. ಬರೆದದ್ದು ಹಳ್ಳಿಯ ಹೆಂಗಸರಿಗಲ್ಲ, ಮುಖ್ಯ ನ್ಯಾಯಮೂರ್ತಿಗೆ. ಅದೇ 1979ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವಿಮೋಚನಾ ಸಂಘಟನೆ ಮುಂದೆ ಸ್ಟೌ ಸಿಡಿದು ಸತ್ತವರ ಕಡತಗಳನ್ನು ಬೆನ್ನುಹತ್ತಿತು. ಅಸಹಜ ಸಾವು ಎಂದು ಮುಚ್ಚಿದ ಪ್ರಕರಣಗಳನ್ನು ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡಿನಿಂದ ಪೊಲೀಸ್ ಠಾಣೆಯವರೆಗೆ ಹಿಂಬಾಲಿಸಿ, ಸೊಸೆಯಂದಿರ ಕೈಯಲ್ಲೇ ಯಾಕೆ ಸ್ಟೌ ಸಿಡಿಯುತ್ತದೆ ಎಂಬ ಪ್ರಶ್ನೆಯನ್ನು ಬರೆಯಬೇಕಾದವರ ಮೇಜಿನ ಮೇಲಿಟ್ಟಿತು. 1983ರ 498ಎ, 1986ರ ವರದಕ್ಷಿಣೆ ಸಾವಿನ ಕಲಮು ಬಂದದ್ದು ಇಂಥ ಗದ್ದಲಗಳಿಂದ. ಆ ಕಾಲದ ಅರಿವಿಗೆ ಒಬ್ಬ ಎದುರಾಳಿ ಇದ್ದ. ಆಗ ಅರಿವು ಎಂದರೆ ಆಪಾದನೆ, ಈಗ ಬುದ್ಧಿವಾದ. ರಾಜ್ಯದ ಮೇಲೆ ಹೊರಿಸಿದ್ದ ಮೊಕದ್ದಮೆಯನ್ನು ರಾಜ್ಯವೇ ಎತ್ತಿಕೊಂಡು, ಲಾಂಛನ ಹಾಕಿ, ಹೆಂಗಸರಿಗೆ ಪಾಠ ಮಾಡಿ ವಾಪಸು ಕೊಟ್ಟಿತು. ಈ ಪಲ್ಲಟವನ್ನು ನಮ್ಮ ಚಳವಳಿಯ ಚರಿತ್ರೆಕಾರರು ಗೆಲುವಿನ ಪಟ್ಟಿಗೆ ಸೇರಿಸಿದ್ದಾರೆ, ನನಗದು ಒಪ್ಪಿಗೆಯಿಲ್ಲ.

ಭಂವರಿ ದೇವಿಯ ಕಥೆಯನ್ನೂ ನಾವು ಹೀಗೇ ಅರ್ಧಕ್ಕೆ ಹೇಳುತ್ತೇವೆ. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ ವಿಶಾಖಾ ಮಾರ್ಗಸೂಚಿಗಳಿಗೆ ಕಾರಣರಾದವರು ಎಂದು ಸ್ಮರಿಸಿ ಮುಂದೆ ಹೋಗುತ್ತೇವೆ. ಅವರ ಕೆಲಸ ಏನಿತ್ತು? ರಾಜಸ್ಥಾನ ಸರಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದ 'ಸಾಥಿನ್' ಆಗಿ ಭಟೇರಿ ಹಳ್ಳಿಯಲ್ಲಿ ಜಾಗೃತಿ ಮೂಡಿಸುವುದೇ ಅವರ ಕೆಲಸ! ಬಾಲ್ಯವಿವಾಹ ಬೇಡ ಎಂದು ಹೇಳಿ ಬಾ ಎಂದು ಸರಕಾರ ಕಳಿಸಿತು, ಅವರು ಹೇಳಿದರು, ಒಂದು ಮದುವೆಯನ್ನು ತಡೆಯಲು ಹೋದರು, ಅದಕ್ಕೆ ಸೇಡಾಗಿ 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. 1995ರಲ್ಲಿ ಕೆಳ ನ್ಯಾಯಾಲಯ ಅತ್ಯಾಚಾರದ ಆರೋಪದಿಂದ ಎಲ್ಲರನ್ನೂ ಬಿಟ್ಟಿತು. 1997ರ ಮಾರ್ಗಸೂಚಿಗಳು ಹುಟ್ಟಿದ್ದು, ಕೆಲಸಕ್ಕೆ ಕಳಿಸಿದವರು ಕೆಲಸದವಳ ರಕ್ಷಣೆಗೆ ಹೊಣೆಯೇ ಎಂಬ ಪ್ರಶ್ನೆಯಿಂದ. ಇಂದು ಹಳ್ಳಿಹಳ್ಳಿಯಲ್ಲಿ ಜಾಗೃತಿಯ ಕೆಲಸ ಬಿದ್ದಿರುವುದು ಗೌರವಧನಕ್ಕೆ ದುಡಿಯುವ ಆಶಾ, ಅಂಗನವಾಡಿ ಕಾರ್ಯಕರ್ತೆಯರ ಮೇಲೆ. ಗ್ರಾಮ ಪಂಚಾಯಿತಿ ಸದಸ್ಯನ ಮಗ ಹೆಂಡತಿಗೆ ಹೊಡೆಯುತ್ತಿದ್ದಾನೆ ಎಂದು ಬರೆದುಕೊಡಬೇಕಾದವಳು ನಾಳೆ ಅದೇ ಬೀದಿಯಲ್ಲಿ ಒಬ್ಬಳೇ ನಡೆಯಬೇಕು.

2005ರ ಕಾಯ್ದೆಯನ್ನು ಕಲಮು ಕಲಮಾಗಿ ಓದಿದರೆ ಇನ್ನೊಂದು ತಮಾಷೆ. ತಮಾಷೆ ಎನ್ನಬಾರದು, ಆದರೂ. ಅದರ 11ನೆಯ ಕಲಮಿನಲ್ಲಿ ಕಾಯ್ದೆಗೆ ದೂರದರ್ಶನ, ಆಕಾಶವಾಣಿ, ಪತ್ರಿಕೆಗಳ ಮೂಲಕ ವ್ಯಾಪಕ ಪ್ರಚಾರ ಕೊಡುವುದು ಸರಕಾರದ ಕರ್ತವ್ಯ ಎಂದಿದೆ. ಮುಂದಿನ 12ನೆಯ ಕಲಮಿನಲ್ಲಿ ಅರ್ಜಿಯ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ, ಅಲ್ಲಿಂದ 60 ದಿನದೊಳಗೆ ಇತ್ಯರ್ಥಕ್ಕೆ ಪ್ರಯತ್ನ ಎಂದಿದೆ. ಹನ್ನೊಂದು ಪಾಲನೆಯಾದ ಉತ್ಸಾಹದಲ್ಲಿ ಹನ್ನೆರಡು ಪಾಲನೆಯಾಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಕರ್ನಾಟಕದಲ್ಲಿ ಸಂರಕ್ಷಣಾಧಿಕಾರಿ ಎಂದರೆ ಬಹುಪಾಲು ಶಿಶು ಅಭಿವೃದ್ಧಿ ಯೋಜನಾಧಿಕಾರಿ, ನಮ್ಮ ಸಿಡಿಪಿಒ. ಇಡೀ ತಾಲ್ಲೂಕಿನ ಅಂಗನವಾಡಿ, ಮೊಟ್ಟೆ, ಪೌಷ್ಟಿಕ ಆಹಾರ, ನೇಮಕಾತಿ ತಕರಾರುಗಳ ನಡುವೆ ಅವರು ಕೌಟುಂಬಿಕ ಘಟನಾ ವರದಿ ಬರೆಯಬೇಕು, ನೋಟಿಸು ಜಾರಿ ಮಾಡಬೇಕು, ಹೊರಗೆ ಹಾಕಿಸಿಕೊಂಡವಳನ್ನು ಆಶ್ರಯಕ್ಕೆ ತಲುಪಿಸಬೇಕು. ಅವರಲ್ಲಿ ಅನೇಕರು ನನಗೆ ಪರಿಚಿತರು, ಬೇಸರ ಅವರ ಮೇಲಿಲ್ಲ. ಕಾಯ್ದೆಗೆ 20 ವರ್ಷ ತುಂಬುವ ಹೊತ್ತಿಗೆ, 2025ರ ಮೇ ತಿಂಗಳಲ್ಲಿ, ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಜಿಲ್ಲೆ-ತಾಲ್ಲೂಕು ಮಟ್ಟದಲ್ಲಿ ಸಂರಕ್ಷಣಾಧಿಕಾರಿಗಳನ್ನು ಗುರುತಿಸಿ ನಿಯೋಜಿಸಿ ಎಂದು ರಾಜ್ಯಗಳಿಗೆ ಗಡುವು ಕೊಡಬೇಕಾಯಿತು. ದುಡ್ಡಿಲ್ಲ ಎನ್ನುವಂತೆಯೂ ಇಲ್ಲ. 'ಬೇಟಿ ಬಚಾವೋ ಬೇಟಿ ಪಢಾವೋ' ಯೋಜನೆಗೆ 2016ರಿಂದ 2019ರವರೆಗೆ ಬಿಡುಗಡೆಯಾದ 446.72 ಕೋಟಿ ರೂಪಾಯಿಯಲ್ಲಿ ಶೇ 78.91 ಮಾಧ್ಯಮ ಪ್ರಚಾರಕ್ಕೇ ಹೋಯಿತೆಂದು ಹೇಳಿದ್ದು ಸಂಸತ್ತಿನದೇ ಸಮಿತಿ. ಜಾಗೃತಿಗೆ ಖರ್ಚು ಮಾಡುವುದು ಸುಲಭ: ಫೋಟೊ ಸಿಗುತ್ತದೆ, ಬಿಲ್ಲು ಪಾಸಾಗುತ್ತದೆ, ಯಾವ ಗಂಡನೂ ಮೊಕದ್ದಮೆ ಹೂಡುವುದಿಲ್ಲ. ಲೈಂಗಿಕ ಅಪರಾಧಗಳಿಗೆ ಆಡಳಿತದ ವೈಫಲ್ಯವೇ ಮೂಲ ಎಂದು 2013ರ ಜನವರಿಯಲ್ಲಿ ನ್ಯಾಯಮೂರ್ತಿ ವರ್ಮಾ ಸಮಿತಿ ಬರೆದದ್ದನ್ನು ನಾವು ಎಷ್ಟು ಬೇಗ ಮರೆತೆವು!

ಹೇಳಿಕೊಡುವ ಪಾಠದಲ್ಲೇ ಸುಳ್ಳಿದ್ದರೆ? ನಿಮ್ಮ ದೇಹ ನಿಮ್ಮದು ಎಂದು ಹದಿಹರೆಯದ ಹುಡುಗಿಯರಿಗೆ ಶಿಬಿರಗಳಲ್ಲಿ ಹೇಳುತ್ತೇವೆ. ಭಾರತೀಯ ನ್ಯಾಯ ಸಂಹಿತೆಯ 63ನೆಯ ಕಲಮು ವಯಸ್ಕ ಹೆಂಡತಿಯ ವಿಷಯದಲ್ಲಿ ಗಂಡನಿಗೆ ಅತ್ಯಾಚಾರದ ಆರೋಪದಿಂದ ಹಳೆಯ ವಿನಾಯಿತಿಯನ್ನೇ ಮುಂದುವರಿಸಿದೆ. 2022ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಗಂಡನ ಮೇಲಿನ ಅತ್ಯಾಚಾರದ ಆರೋಪವನ್ನು ರದ್ದುಮಾಡಲು ಒಪ್ಪದೆ, ಗಂಡನಾದರೂ ಗಂಡಸೇ ಎಂಬ ಧಾಟಿಯಲ್ಲಿ ಬರೆದರು. ಅಂಥ ಒಂದು ತೀರ್ಪು ನೂರು ಜಾಥಾಗಳಿಗೆ ಸಮ ಎಂದು ನಾನು ಆಗ ಖುಷಿಪಟ್ಟಿದ್ದೆ. ಕಾಯ್ದೆ ಮಾತ್ರ ಕದಲಲಿಲ್ಲ.

ಹಾಗಾದರೆ ಜಾಗೃತಿಯಿಂದ ಎಲ್ಲೂ ಏನೂ ಆಗಿಲ್ಲವೇ ಎಂದು ಕೇಳಬೇಕಾದದ್ದು ನ್ಯಾಯ. ಆಗಿದೆ. ಉಗಾಂಡಾದ ಕಂಪಾಲಾದಲ್ಲಿ ನಡೆದ 'ಸಾಸಾ!' ಕಾರ್ಯಕ್ರಮವನ್ನು ಅಳೆದು ನೋಡಿದಾಗ, ಅದು ನಡೆದ ಕಡೆ ಹಿಂದಿನ ಒಂದು ವರ್ಷದ ದೈಹಿಕ ಹಿಂಸೆ ನಡೆಯದ ಕಡೆಗಿಂತ ಸುಮಾರು ಅರ್ಧದಷ್ಟಿತ್ತು. ಹೋಲಿಸಿದ್ದು ಎಂಟೇ ಸಮುದಾಯಗಳನ್ನು, ಆದ್ದರಿಂದ ಅಂಕಿಗೆ ಅತಿಯಾಗಿ ಜೋತುಬೀಳಲಾರೆ. ನನಗೆ ಮುಖ್ಯವಾದದ್ದು ಕೆಲಸದ ಬಗೆ. ಅದೇ ಬೀದಿಯ ಗಂಡಸರು ಹೆಂಗಸರು ತರಬೇತಿ ಪಡೆದು, ಪೊಲೀಸರನ್ನೂ ಆರೋಗ್ಯ ಸಿಬ್ಬಂದಿಯನ್ನೂ ಜೊತೆಗೆ ಕೂರಿಸಿಕೊಂಡು, ಎರಡು ಮೂರು ವರ್ಷ ಬಿಡದೆ ಅಧಿಕಾರ ಯಾರ ಕೈಯಲ್ಲಿದೆ ಎಂಬುದನ್ನೇ ಮಾತಾಡಿದರು. ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಮಹಿಳಾ ಸಮಖ್ಯಾ. 1989ರಲ್ಲಿ ಅದು ಆರಂಭವಾದ ಮೂರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಸಂಘದ ಹೆಂಗಸರು ವಾರವಾರ ಕೂಡುತ್ತಿದ್ದರು. ಒಬ್ಬಳಿಗೆ ಏಟು ಬಿದ್ದರೆ ಹತ್ತು ಮಂದಿ ಅವಳ ಮನೆಯ ಜಗುಲಿಯಲ್ಲಿ ಹೋಗಿ ಕೂರುತ್ತಿದ್ದರು, ಗಂಟೆ ಒತ್ತಿ ಹೆಪ್ಪು ಕೇಳಿ ಎದ್ದು ಬರುತ್ತಿರಲಿಲ್ಲ. ಎಷ್ಟೋ ಊರಿನಲ್ಲಿ ಸಂಘಕ್ಕೆ ಸ್ವಂತದ ಒಂದು ಕೋಣೆಯೂ ಇತ್ತು, ಬೇಕಾದವಳು ಅಲ್ಲೇ ಮಲಗಬಹುದಿತ್ತು. ಕಳೆದ ದಶಕದಲ್ಲಿ ಕೇಂದ್ರ ಸರಕಾರ ಅದರ ಹಣ ನಿಲ್ಲಿಸಿತು. ಜಾಗೃತಿಯ ಪರ ಮಾತಾಡುವವರು ಬೀದಿಗಿಳಿಯಬೇಕಾಗಿದ್ದ ದಿನ ಅದು. ಅವತ್ತಿನ ಪತ್ರಿಕೆಗಳಲ್ಲಿ ನನಗೆ ಒಳಪುಟದ ಒಂದಂಕಣ ಸುದ್ದಿ ಮಾತ್ರ ಕಂಡಿತ್ತು.

ಮಹಿಳಾ ದೌರ್ಜನ್ಯ ವಿರೋಧಿ ದಿನವೆಂದು ನಾವು ಜಾಥಾ ಹೊರಡಿಸುವ ನವೆಂಬರ್ 25 ಕೂಡ ಸುಮ್ಮನೆ ಬಂದ ದಿನವಲ್ಲ. 1960ರಲ್ಲಿ ಡೊಮಿನಿಕನ್ ಗಣರಾಜ್ಯದ ಸರ್ವಾಧಿಕಾರಿ ತ್ರುಹಿಯ್ಯೊನ ಆಳುಗಳು ಮಿರಬಲ್ ಸೋದರಿಯರಲ್ಲಿ ಮೂವರನ್ನು ಕೊಂದ ದಿನ. 1981ರಲ್ಲಿ ಬೊಗೊಟಾದಲ್ಲಿ ಸೇರಿದ ಲ್ಯಾಟಿನ್ ಅಮೆರಿಕದ ಸ್ತ್ರೀವಾದಿಗಳು ಆ ದಿನವನ್ನು ಆರಿಸಿಕೊಂಡದ್ದು ಅದಕ್ಕೇ. 1999ರಲ್ಲಿ ವಿಶ್ವಸಂಸ್ಥೆ ಅದನ್ನು ಎಲ್ಲ ಸರಕಾರಗಳಿಗೂ ಹಂಚಿತು, ಈಗ ಸರಕಾರಗಳೇ ಅದನ್ನು ಆಚರಿಸುತ್ತವೆ.

ಕಳೆದ ಸಲ ಇಂಥದೊಂದು ಜಾಥಾದ ಸಿದ್ಧತೆಯ ಸಭೆಗೆ ನನ್ನನ್ನೂ ಕರೆದಿದ್ದರು. ಈ ಬಾರಿ ದಾರಿ ಬದಲಿಸೋಣ ಎಂದೆ. ಶಾಲಾ ಮೈದಾನದಿಂದ ಬಸ್ ಸ್ಟ್ಯಾಂಡಿಗೆ ಹೋಗುವ ಬದಲು ಸಿಡಿಪಿಒ ಕಚೇರಿ, ಠಾಣೆ, ಕೋರ್ಟು, ಉಪನೋಂದಣಾಧಿಕಾರಿ ಕಚೇರಿ ಹೀಗೆ ಹೋಗೋಣ. ಫಲಕದ ಮೇಲೆ ಘೋಷಣೆ ಬೇಡ, ಎರಡೇ ಸಂಖ್ಯೆ ಸಾಕು: ಈ ತಾಲ್ಲೂಕಿನಲ್ಲಿ ಈ ವರ್ಷ ಬಂದ ಅರ್ಜಿ ಎಷ್ಟು, 60 ದಿನದೊಳಗೆ ಮುಗಿದದ್ದೆಷ್ಟು. ರಾತ್ರಿ ಬಂದವಳಿಗೆ ಹಾಸಿಗೆ ಎಲ್ಲಿದೆ ಎಂದು ಮೂರನೆಯದಾಗಿ ಕೇಳೋಣ. ಸಂಘಟಕಿ ಒಳ್ಳೆಯ ಹೆಣ್ಣುಮಗಳು, ಹತ್ತು ವರ್ಷದಿಂದ ಈ ಕೆಲಸದಲ್ಲಿ ಸವೆದವಳು. ಪೆನ್ನಿನ ಮುಚ್ಚಳ ಹಾಕಿ ನಕ್ಕಳು.

"ಮೇಡಂ, ಜಾಥಾ ಅಂದ್ರೆ ತಹಶೀಲ್ದಾರ್ರೇ ಬಂದು ಹಸಿರು ಬಾವುಟ ತೋರಿಸ್ತಾರೆ. ನೀವು ಹೇಳಿದ್ದಕ್ಕೆ ಪೊಲೀಸ್ ಪರ್ಮಿಶನ್ ತಗೋಬೇಕಾಗುತ್ತೆ."